ನಾನು ಹೊಡೆದುಹಾಕಿದ ಸಾಲು

ದಿಲ್ಲಿಯ ಜನಕಪುರಿಯಲ್ಲಿ ಮೆಟ್ರೊ ಕಂಬಗಳು ಎದ್ದು ನಿಂತು, ರೈಲು ಮಾತ್ರ ಇನ್ನೂ ಓಡದಿದ್ದ ಚಳಿಗಾಲ ಅದು. ಡಿಸೆಂಬರ್‌ನ ಒಂದು ಶನಿವಾರ ಕೆಳಮನೆಯ ಟೀಚರು ತಾರಸಿ ಹತ್ತಿ ಬಂದು, ನಾನು ಬಿಸಿಲಿಗೆ ಹಾಸಿಕೊಂಡಿದ್ದ ಚಾಪೆಯ ಮೇಲೆ ರಬ್ಬರ್‌ಬ್ಯಾಂಡ್ ಹಾಕಿದ ಚೀಟಿಗಳ ಒಂದು ಕಟ್ಟನ್ನಿಟ್ಟರು.

“ಇವ್ರೇ, ನಿಮ್ಮ ಕಸುಬೇ ತಿದ್ದೋದು ಅಲ್ವಾ? ಇದನ್ನ ಸ್ವಲ್ಪ ನೋಡಿ. ನಗಬೇಡಿ ಮತ್ತೆ.”

ತಿದ್ದುವುದು ನನ್ನ ಕಸುಬೇ ಆಗಿತ್ತು. ಒಂದು ಇಂಗ್ಲಿಷ್ ದಿನಪತ್ರಿಕೆಯ ಸುದ್ದಿಮನೆಯಲ್ಲಿ ನಾನು ಉಪಸಂಪಾದಕಿ. ಸಂಜೆ ನಾಲ್ಕರ ಪಾಳಿ, ಶನಿವಾರ ರಜೆ. ವರದಿಗಾರರು ಬರೆದು ತಂದದ್ದರಲ್ಲಿ ಹೆಚ್ಚಿನದನ್ನು ಕತ್ತರಿಸಿ, ಉಳಿದದ್ದನ್ನು ನೆಟ್ಟಗೆ ಮಾಡಿ, ತಲೆಬರಹ ಕೊಟ್ಟು ಮುಂದೆ ಕಳಿಸಬೇಕು. ಹದಿನಾಲ್ಕು ವರ್ಷ ಅದನ್ನೇ ಮಾಡಿದ್ದೆ. ಮದುವೆಯ ಆಮಂತ್ರಣ ಪತ್ರಿಕೆ ಕೈಗೆ ಬಂದರೂ ಮೊದಲು ಪೆನ್ನು ಹುಡುಕುತ್ತಿದ್ದೆ.

ಟೀಚರು ಮೈಸೂರಿನವರು, ನನಗಿಂತ ಹತ್ತು ವರ್ಷ ದೊಡ್ಡವರು. ಹತ್ತಿರದ ಒಂದು ಖಾಸಗಿ ಶಾಲೆಯಲ್ಲಿ ಒಂಬತ್ತು, ಹತ್ತನೇ ತರಗತಿಗೆ ವಿಜ್ಞಾನ ಕಲಿಸುತ್ತಿದ್ದರು. ಆ ಶಾಲೆಯ ಮಕ್ಕಳಿಗೆ ಪ್ರತಿ ವಿಷಯಕ್ಕೂ ಎರಡು ನೋಟುಬುಕ್ಕು. ದಿಲ್ಲಿಯಲ್ಲಿ ನೋಟುಬುಕ್ಕಿಗೆ ‘ಕಾಪಿ’ ಎನ್ನುತ್ತಾರೆ. ಒಂದು ರಫ್ ಕಾಪಿ, ಒಂದು ಫೇರ್ ಕಾಪಿ. ತರಗತಿಯಲ್ಲಿ ಟೀಚರು ಹೇಳಿ ಬರೆಸಿದ ಉತ್ತರ ರಫ್ ಕಾಪಿಗೆ ಹೋಗುತ್ತದೆ. ಮನೆಯಲ್ಲಿ ಅದನ್ನೇ ಅಂದವಾಗಿ ಫೇರ್ ಕಾಪಿಗೆ ಇಳಿಸಬೇಕು. ಕಂದು ಕಾಗದದ ಹೊದಿಕೆ, ಮೊದಲ ಪುಟದಲ್ಲಿ ಪರಿವಿಡಿ, ಸ್ಕೇಲಿಟ್ಟು ಎಳೆದ ಗೆರೆ. ವರ್ಷಕ್ಕೆರಡು ಸಲ ಮೇಲ್ವಿಚಾರಕಿ ಬಂದು ಈ ಫೇರ್ ಕಾಪಿಗಳನ್ನೇ ತಪಾಸಣೆ ಮಾಡುತ್ತಿದ್ದರು. ಎಲ್ಲ ನಲವತ್ತು ಮಕ್ಕಳ ಫೇರ್ ಕಾಪಿಯಲ್ಲೂ ಒಂದೇ ಉತ್ತರ ಒಂದೇ ಮಾತಿನಲ್ಲಿ ಇರುತ್ತಿತ್ತು.

“ಇಪ್ಪತ್ತು ವರ್ಷ ನನ್ನ ವಾಕ್ಯಗಳನ್ನ ನಾನೇ ಓದಿ ನಾನೇ ಸಹಿ ಹಾಕಿದೀನಿ. ಅವರ ತಲೇಲಿ ಏನಿದೆ ಅಂತ ನನಗೆ ಒಂದು ದಿನಾನೂ ಗೊತ್ತಾಗಿಲ್ಲ,” ಎಂದರು ಟೀಚರು.

ಹಾಗಾಗಿ ಆ ವರ್ಷ ಅವರು ಒಂದು ಪ್ರಯೋಗಕ್ಕೆ ಕೈಹಾಕಿದ್ದರು. ಪಾಠದ ಕೊನೆಯ ಹತ್ತು ನಿಮಿಷ ಎಲ್ಲರಿಗೂ ಅರ್ಧ ಹಾಳೆ. ಇವತ್ತು ಏನು ಅರ್ಥವಾಯಿತು, ಏನು ಅರ್ಥವಾಗಲಿಲ್ಲ, ನಿನ್ನ ಮಾತಿನಲ್ಲಿ ಬರೆ. ಇಂಗ್ಲಿಷ್, ಹಿಂದಿ, ಬೆರಕೆ, ಯಾವುದಾದರೂ ಸರಿ. ಅಂಕ ಇಲ್ಲ. ಗಣಿತದ ಮೇಡಂ ಮತ್ತು ಇತಿಹಾಸದ ಸರ್ ಇಬ್ಬರನ್ನೂ ಒಪ್ಪಿಸಿದ್ದರು. ಇತಿಹಾಸದ ಸರ್ ಹರಿಯಾಣದವರು. ಒಪ್ಪಿಕೊಳ್ಳುವಾಗಲೇ, “ಮ್ಯಾಡಮ್‌ಜೀ, ಅಬ್ ಸೈನ್ಸ್ ಮೇ ಭೀ ನಿಬಂಧ್ ಲಿಖ್ವಾಯೇಂಗೀ?” ಎಂದು ಸ್ಟಾಫ್‌ರೂಮಿನಲ್ಲಿ ನಗಾಡಿದ್ದರಂತೆ, ವಿಜ್ಞಾನದಲ್ಲೂ ಪ್ರಬಂಧವೇ ಎಂದು.

ನಾನು ಒಂದೊಂದಾಗಿ ಚೀಟಿ ಬಿಡಿಸಿದೆ. ‘ನಿರ್ವಾತದಲ್ಲಿ ಶಬ್ದ ಹೋಗುವುದಿಲ್ಲ ಎಂದು ಅರ್ಥವಾಯಿತು. ನಿರ್ವಾತ ಎಲ್ಲಿ ಸಿಗುತ್ತದೆ ಎಂದು ಅರ್ಥವಾಗಲಿಲ್ಲ.’ ‘ಸಾರಿ ಮ್ಯಾಮ್, ಇವತ್ತು ನಾನು ನಿದ್ದೆ ಮಾಡುತ್ತಿದ್ದೆ.’ ‘ಎಲ್ಲ ಅರ್ಥವಾಯಿತು’ ಎಂದಷ್ಟೇ ಬರೆದವು ಹನ್ನೊಂದು. ನಗಬೇಡಿ ಎಂದಿದ್ದರೂ ನಕ್ಕೆ. ಟೀಚರೂ ನಕ್ಕರು. ಆಮೇಲೆ ಒಂದು ಚೀಟಿಯನ್ನು ಬೇರೆ ತೆಗೆದು ಕೊಟ್ಟರು.

“ಇವಳೇ ನೋಡಿ ನನಗೆ ಚಿಂತೆ.”

ಆ ಹುಡುಗಿಯನ್ನು ನಾನು ಬಲ್ಲೆ. ನಮ್ಮದೇ ಬ್ಲಾಕಿನಲ್ಲಿ ಎರಡು ಮೆಟ್ಟಿಲ ದಾರಿ ಆಚೆ ಅವರ ಮನೆ. ತಂದೆ ತುಮಕೂರಿನವರು, ಒಂದು ಕೇಂದ್ರ ಸಚಿವಾಲಯದಲ್ಲಿ ಅಪ್ಪರ್ ಡಿವಿಷನ್ ಕ್ಲರ್ಕ್. ತಾಯಿಯೂ ಕೆಲಸಕ್ಕೆ ಹೋಗುತ್ತಿದ್ದರು. ಹುಡುಗಿಯ ಫೇರ್ ಕಾಪಿ ಇಡೀ ತರಗತಿಗೆ ಮಾದರಿ. ತಪಾಸಣೆಗೆ ಬಂದ ಮೇಲ್ವಿಚಾರಕಿ ಅದನ್ನು ಬೇರೆ ತರಗತಿಗೂ ಒಯ್ದು ತೋರಿಸಿದ್ದರು. ಅದೇ ಹುಡುಗಿ ಅರ್ಧವಾರ್ಷಿಕ ಪರೀಕ್ಷೆಯಲ್ಲಿ ವಿಜ್ಞಾನದಲ್ಲಿ ಫೇಲಾಗಿದ್ದಳು. ಮಾರ್ಚ್‌ನ ವಾರ್ಷಿಕ ಪರೀಕ್ಷೆಯಲ್ಲೂ ಹಾಗೆಯೇ ಆದರೆ ಒಂಬತ್ತನೇ ತರಗತಿಯಲ್ಲೇ ಇನ್ನೊಂದು ವರ್ಷ.

ಅಷ್ಟೇ ಆಗಿದ್ದರೆ ಟೀಚರು ಇಷ್ಟು ಯೋಚಿಸುತ್ತಿರಲಿಲ್ಲ. ಹಿಂದಿನ ವಾರ ಹುಡುಗಿಯ ತಂದೆ ಅವರ ಮನೆಗೆ ಬಂದು ಹೋಗಿದ್ದರು.

“ಒಂಬತ್ತರಲ್ಲೇ ನಿಂತರೆ ತುಮಕೂರಿಗೆ ಕಳಿಸಿಬಿಡ್ತೀನಿ ಮೇಡಂ. ತಮ್ಮ ಇದ್ದಾನೆ. ಅಲ್ಲಿನ ಸ್ಕೂಲ್ ಹೆಡ್‌ಮಾಸ್ಟರ್ ಹತ್ರ ಮಾತಾಡಿ ಅಡ್ಮಿಷನ್ ಫಾರಂ ಕೂಡ ಪೋಸ್ಟಲ್ಲಿ ಕಳಿಸಿದಾನೆ. ಇಲ್ಲಿ ನಾವಿಬ್ಬರೂ ಏಳು ಗಂಟೆಗೆ ಮನೆ ಸೇರ್ತೀವಿ, ನೋಡೋರು ಯಾರು?” ಎಂದಿದ್ದರಂತೆ.

ಸಿಟ್ಟಿನಿಂದ ಹೇಳಿದ ಮಾತಲ್ಲ ಅದು. ಕಚೇರಿಯ ಕಡತದಲ್ಲಿ ಬರೆಯುವಂತೆ, ಮೊದಲನೆಯದು ಆಗದಿದ್ದರೆ ಎರಡನೆಯದು ಎಂದು ಯೋಚಿಸಿಟ್ಟಿದ್ದರು. ಹುಡುಗಿ ದಿಲ್ಲಿಯಲ್ಲೇ ಹುಟ್ಟಿದವಳು. ಕನ್ನಡ ತಿಳಿಯುತ್ತಿತ್ತು, ಓದಲು ಬರುತ್ತಿರಲಿಲ್ಲ. ಬೇಸಿಗೆಯಲ್ಲಿ ಹದಿನೈದು ದಿನ ತುಮಕೂರಿಗೆ ಹೋದರೆ ಚಿಕ್ಕಪ್ಪನ ಮನೆಯ ಬೀದಿಯ ಹುಡುಗಿಯರು ಅವಳನ್ನು ‘ಹಿಂದಿಯವಳು’ ಎಂದು ಕರೆಯುತ್ತಿದ್ದರು. ಹದಿನೈದು ದಿನದ ಅತಿಥಿಯಾಗಿ ಹೋಗುವುದು ಒಂದು. ಫೇಲಾಗಿ, ಬಸ್ಸಿನ ಫಲಕ ಕೂಡ ಓದಲಾಗದ ಊರಿಗೆ ಓದಲೆಂದು ಹೋಗುವುದು ಇನ್ನೊಂದು.

“ಶನಿವಾರ ಶನಿವಾರ ಕಳಿಸಿ. ನಾನು ನೋಡ್ತೀನಿ,” ಎಂದೆ. ಬರವಣಿಗೆಯ ಬಗ್ಗೆ ನನಗೆ ತಿಳಿಯದ್ದು ಏನಿದೆ ಎಂದು ಒಳಗೊಳಗೇ ಅಂದುಕೊಂಡೂ ಇದ್ದೆ.

ಅವಳು ಮುಂದಿನ ಶನಿವಾರವೇ ಬಂದಳು. ಎರಡು ಜಡೆ, ಶಾಲೆಯ ಮರೂನ್ ಸ್ವೆಟರ್, ಕೈಯಲ್ಲಿ ಪ್ಲಾಸ್ಟಿಕ್ ಫೈಲು. ನಾನು ನೋಡಿದ ಮೇಲೆಯೇ ಕೊಡಲೆಂದು ಟೀಚರು ಅವಳ ಚೀಟಿಗಳನ್ನು ಅವಳ ಬಳಿಯೇ ಬಿಡುತ್ತಿದ್ದರು. ತಾರಸಿಯಲ್ಲಿ ಕಡಲೆಕಾಯಿ ಸುಲಿಯುತ್ತಾ ಆ ವಾರದ ಚೀಟಿಗಳನ್ನು ಓದುತ್ತಿದ್ದೆವು. ಅವಳ ವಾಕ್ಯಗಳಿಗೆ ಕೊನೆಯೇ ಇರುತ್ತಿರಲಿಲ್ಲ. ಅರ್ಧ ಇಂಗ್ಲಿಷ್, ಅರ್ಧ ಹಿಂದಿ, ನಡುವೆ ‘ಅಂದರೆ’ ಎನ್ನಲು ಒಂದು ‘ಮತ್ಲಬ್’, ಮತ್ತೆ ಮೊದಲಿನಿಂದ. ಪರೀಕ್ಷೆಗೆಂದು ಬಾಯಿಪಾಠ ಮಾಡಿದ ಮಾತುಗಳು ಚೀಟಿಯಲ್ಲಿ ಇರಲಿಲ್ಲ, ಅದು ನನಗೆ ಕಂಡಿತ್ತು. ಆದರೆ ಅವುಗಳ ಜಾಗದಲ್ಲಿ ಏನಿದೆ ಎಂದು ನಾನು ನೋಡಲಿಲ್ಲ. ಕೆಂಪು ಪೆನ್ನು ತೆಗೆದೆ.

ಕರ್ತೃ ಮೊದಲು, ಕ್ರಿಯೆ ಆಮೇಲೆ. ಒಂದು ವಾಕ್ಯಕ್ಕೆ ಒಂದೇ ವಿಷಯ. ಬೇಡದ್ದಕ್ಕೆ ಅಡ್ಡಗೆರೆ. ಹುಡುಗಿ ಪಕ್ಕದಲ್ಲಿ ಕುಳಿತು ಕಣ್ಣರಳಿಸಿ ನೋಡುತ್ತಿದ್ದಳು.

“ಆಂಟಿ, ನೀವು ಎಷ್ಟು ಫಾಸ್ಟ್ ಕಾಟ್ತೀರಾ! ಮಮ್ಮಿ ಭಿಂಡಿ ಕಾಟೋ ಹಾಗೆ.”

“ಅದಕ್ಕೇ ಸಂಬಳ ಕೊಡ್ತಾರೆ.”

“ಕಾಟೋದಕ್ಕೆ ಸಂಬಳಾನಾ? ಮಸ್ತ್ ಹೈ.”

ನಾನು ತಿದ್ದಿದ್ದನ್ನು ಅವಳು ಅಲ್ಲೇ ಕುಳಿತು ನೀಲಿ ಜೆಲ್ ಪೆನ್ನಿನಲ್ಲಿ ಹೊಸ ಹಾಳೆಗೆ ಇಳಿಸುತ್ತಿದ್ದಳು. ಅದನ್ನು ಯಾರೂ ಹೇಳಿಕೊಟ್ಟಿರಲಿಲ್ಲ, ಹೇಳಿಕೊಡಬೇಕಾಗಿಯೂ ಇರಲಿಲ್ಲ. ರಫ್ ಇದ್ದ ಮೇಲೆ ಫೇರ್ ಇರಲೇಬೇಕು. ಸೋಮವಾರ ಆ ಅಂದದ ಹಾಳೆ ಟೀಚರ ಕೈಗೆ ಹೋಗುತ್ತಿತ್ತು. ಟೀಚರು ಓದಿ, ಸಮಾಧಾನಪಟ್ಟು, ‘ಗುಡ್’ ಎಂದು ಬರೆಯುತ್ತಿದ್ದರು. ಮೂಲ ಚೀಟಿಗಳನ್ನು ನಾನು ಮೇಜಿನ ಖಾನೆಗೆ ಹಾಕಿಡುತ್ತಿದ್ದೆ. ಪತ್ರಿಕೆ ಅಚ್ಚಾಗಿ ಹೊರಬರುವವರೆಗೆ ವರದಿಗಾರ ಬರೆದ ಮೂಲ ಪ್ರತಿಯನ್ನು ಎಸೆಯಬಾರದು ಎಂಬುದು ನಮ್ಮ ಕಡೆಯ ನಿಯಮ. ನಾಳೆ ಯಾರಾದರೂ ತಕರಾರು ತೆಗೆದರೆ ಯಾರು ಏನು ಬರೆದಿದ್ದರು ಎಂದು ತೋರಿಸಲು ಅದು ಬೇಕು.

ಡಿಸೆಂಬರ್ ಹಾಗೇ ಕಳೆಯಿತು. ಜನವರಿಯಲ್ಲಿ ಮಂಜಿಗಾಗಿ ಶಾಲೆ ಮುಚ್ಚಿತು, ಮತ್ತೆ ತೆರೆಯಿತು. ತಿಂಗಳ ಕೊನೆಗೆ ಒಂದು ಯೂನಿಟ್ ಟೆಸ್ಟ್. ಅವಳು ಈ ಸಲ ಚೆನ್ನಾಗಿ ಮಾಡುತ್ತಾಳೆ ಎಂದು ನಾವಿಬ್ಬರೂ ನಂಬಿದ್ದೆವು.

ಒಂದು ಬುಧವಾರ ಮಧ್ಯಾಹ್ನ ಎರಡೂವರೆಗೆ, ನಾನು ಕಚೇರಿಗೆ ಹೊರಡುವ ಹೊತ್ತಿಗೆ, ಟೀಚರು ಶಾಲೆಯ ಬ್ಯಾಗನ್ನೂ ಇಳಿಸದೆ ನೇರ ನಮ್ಮ ಮನೆಗೆ ಬಂದರು. ಒಂದು ಕೈಯಲ್ಲಿ ಹುಡುಗಿಯ ಉತ್ತರಪತ್ರಿಕೆ, ಇನ್ನೊಂದರಲ್ಲಿ ಅವಳು ಡಿಸೆಂಬರ್‌ನಲ್ಲಿ ಕೊಟ್ಟಿದ್ದ ಅಂದದ ಹಾಳೆ.

“ಇಪ್ಪತ್ತೈದಕ್ಕೆ ಆರು,” ಎಂದರು. “ಅದಿರಲಿ. ಇದನ್ನ ಓದಿ.”

ಪ್ರಶ್ನೆ ಸರಳವಾಗಿತ್ತು. ಒಂದು ಮರದ ತುಂಡು ದೊಡ್ಡ ತೊಟ್ಟಿಯ ನೀರಿನಲ್ಲಿ ತೇಲುತ್ತದೆ. ಅದನ್ನೇ ಅರ್ಧ ತುಂಬಿದ ಬಕೆಟ್ಟಿನಲ್ಲಿ ಹಾಕಿದರೆ ಏನಾಗುತ್ತದೆ, ಏಕೆ? ಹುಡುಗಿ ಬರೆದಿದ್ದಳು: ಮುಳುಗುತ್ತದೆ, ಏಕೆಂದರೆ ನೀರು ಕಡಿಮೆ.

“ಡಿಸೆಂಬರ್‌ನಲ್ಲಿ ಇದೇ ಪಾಠದ ಮೇಲೆ ಎಷ್ಟು ಚೆನ್ನಾಗಿ ಬರೆದಿದ್ಳು ನೋಡಿ. ‘ದ್ರವವು ವಸ್ತುವನ್ನು ಮೇಲಕ್ಕೆ ಒತ್ತುತ್ತದೆ. ಆ ಒತ್ತು ವಸ್ತುವಿನ ತೂಕಕ್ಕೆ ಸಮವಾದಾಗ ಅದು ತೇಲುತ್ತದೆ.’ ಒಂದು ಅಕ್ಷರ ತಪ್ಪಿಲ್ಲ. ಇಷ್ಟು ಗೊತ್ತಿದ್ದೋಳು ಅದನ್ನ ಹೇಗೆ ಬರೀತಾಳೆ?”

ಆ ಎರಡು ವಾಕ್ಯ ನನಗೆ ನೆನಪಿತ್ತು. ಅವು ಅವಳವಲ್ಲ, ನನ್ನವು. ಅವಳ ಚೀಟಿ ಗೋಜಲಾಗಿದೆ ಎನಿಸಿ, ಅವಳ ಪಠ್ಯಪುಸ್ತಕ ತೆಗೆದು ನೋಡಿ ನಾನೇ ಬರೆದುಕೊಟ್ಟಿದ್ದೆ. ಖಾನೆ ಎಳೆದೆ. ಮೂಲ ಚೀಟಿ ಸಿಗಲು ಐದು ನಿಮಿಷ ಹಿಡಿಯಿತು.

ಅವಳ ಬೆರಕೆ ಭಾಷೆಯನ್ನು ಇಲ್ಲಿ ಕನ್ನಡದಲ್ಲಿ ಕೊಡುತ್ತೇನೆ: ‘ದೊಡ್ಡ ಡ್ರಮ್ಮಿನಲ್ಲಿ ಸ್ಟೀಲ್ ಬಟ್ಟಲು ತೇಲುತ್ತದೆ ಬಕೆಟ್ಟಿನಲ್ಲಿ ಮುಳುಗುತ್ತದೆ ಇದು ನಮ್ಮ ಮನೆಯಲ್ಲಿ ನಾನೇ ನೋಡಿದ್ದೇನೆ ಅಂದರೆ ನೀರು ಜಾಸ್ತಿ ಇದ್ದರೆ ಜಾಸ್ತಿ ಎತ್ತುತ್ತದೆ ಅದಕ್ಕೇ ಹಡಗು ಸಮುದ್ರದಲ್ಲಿ ಇರುತ್ತದೆ ಯಮುನೆಯಲ್ಲಿ ಇಲ್ಲ.’

ಇಷ್ಟರ ಮೇಲೂ ನನ್ನ ಕೆಂಪು ಗೆರೆ ಓಡಿತ್ತು. ಅಂಚಿನಲ್ಲಿ ‘ಅಪ್ರಸ್ತುತ’ ಎಂದು ಬರೆದಿದ್ದೆ.

ಟೀಚರು ಕುರ್ಚಿಯ ಮೇಲೆ ಕುಳಿತು ಅದನ್ನು ಎರಡು ಸಲ ಓದಿದರು. ಅವರು ಬೈದಿದ್ದರೆ ನನಗೆ ಸುಲಭವಾಗುತ್ತಿತ್ತು.

“ನನಗೆ ಬೇಕಾಗಿದ್ದೇ ಇದು ಕಣ್ರೀ. ನೀವು ಹೊಡೆದುಹಾಕಿರೋದು,” ಎಂದರು. ಅಂದದ ಹಾಳೆಯನ್ನು ತೋರಿಸಿ, “ಆ ಇನ್ನೊಂದಕ್ಕೆ ‘ಗುಡ್’ ಅಂತ ಬರೆದೋಳು ನಾನು. ನೀವೊಬ್ಬರೇ ಅಂದ್ಕೋಬೇಡಿ.”

ಖಾನೆಯಲ್ಲಿದ್ದ ಉಳಿದ ಚೀಟಿಗಳನ್ನೂ ಹರಡಿದೆವು. ಅವಳಿಗೆ ಎಲ್ಲಿ ತಪ್ಪು ತಿಳಿವಳಿಕೆ ಇತ್ತೋ ಅಲ್ಲೆಲ್ಲ ಅವಳೇ ಅದನ್ನು ಬರೆದಿದ್ದಳು. ಹೇಗೆ ಹಾಗನ್ನಿಸಿತು ಎಂದೂ ಬರೆದಿದ್ದಳು. ಅಂಥ ಕಡೆಗಳಲ್ಲೇ ನನ್ನ ಗೆರೆ ಹೆಚ್ಚು ದಪ್ಪವಾಗಿತ್ತು. ‘ನಾನೇ ನೋಡಿದ್ದೇನೆ’ ಎಂಬ ಮಾತು ಮೂರು ಚೀಟಿಗಳಲ್ಲಿ ಬಂದಿತ್ತು, ಮೂರರಲ್ಲೂ ಹೊಡೆದಿದ್ದೆ. ಸುದ್ದಿಮನೆಯಲ್ಲಿ ಪ್ರತ್ಯಕ್ಷದರ್ಶಿಯ ಮಾತನ್ನು ಹೀಗೆ ಕತ್ತರಿಸಿದ್ದರೆ ಮುಖ್ಯ ಉಪಸಂಪಾದಕರು ನನ್ನನ್ನು ಕರೆಸಿ ವಿಚಾರಿಸುತ್ತಿದ್ದರು. ಅಂದು ನಾನು ಕಚೇರಿಗೆ ಒಂದು ಗಂಟೆ ತಡವಾಗಿ ಹೋದೆ.

ಶನಿವಾರ ಹುಡುಗಿ ಬಂದಾಗ ಫೈಲನ್ನು ಎದೆಗವಚಿಕೊಂಡು ಬಾಗಿಲಲ್ಲೇ ನಿಂತಳು. ಒಳಗೆ ಕರೆದು ಆ ಚೀಟಿಯನ್ನು ಮುಂದಿಟ್ಟೆ.

“ಇದನ್ನ ನಾನು ಹೊಡೀಬಾರದಿತ್ತು. ತಪ್ಪು ನನ್ನದು.”

ಅವಳು ನನ್ನ ಮುಖವನ್ನು ಅನುಮಾನದಿಂದ ನೋಡಿದಳು. “ಮತ್ಲಬ್, ನಾನು ಬರೆದಿದ್ದು ಸರಿ ಇತ್ತಾ?”

“ಸರಿ ಇರಲಿಲ್ಲ. ಆದ್ರೆ ಬೇಕಿತ್ತು.”

“ಗಲತ್ ಇದ್ರೂ ಬೇಕಿತ್ತಾ?”

“ಹೂಂ.”

“ಅಜೀಬ್ ಹೈ,” ಎಂದಳು, ಇದೆಂಥ ವಿಚಿತ್ರ ಎಂಬಂತೆ. ಆಮೇಲೆ ಉಗುರಿನಿಂದ ಚೀಟಿಯ ಅಂಚನ್ನು ಕೆರೆಯುತ್ತಾ, “ನೀವು ಕಾಟ್ ಮಾಡಿದ್ರಲ್ಲ, ಮನೆ ಬಗ್ಗೆ ಬರೆದ್ರೆ ಬುದ್ಧು ಥರ ಕಾಣುತ್ತೆ ಅಂದ್ಕೊಂಡೆ. ಆಮೇಲೆ ಬರೀಲೇ ಇಲ್ಲ ನಾನು,” ಎಂದಳು.

“ನಾಳೆ ಬೆಳಿಗ್ಗೆ ಆ ಬಟ್ಟಲು, ಬಕೆಟ್ಟು ನಮಗೂ ತೋರಿಸು,” ಎಂದೆ. ಪರೀಕ್ಷೆಗೆ ಐದು ವಾರ.

ಮರುದಿನ ಬೆಳಿಗ್ಗೆ ನಲ್ಲಿಯಲ್ಲಿ ನೀರು ಬರುವ ಹೊತ್ತಿಗೆ ಟೀಚರೂ ನಾನೂ ಹುಡುಗಿಯ ಮನೆಗೆ ಹೋದೆವು. ದಿಲ್ಲಿಯ ಸರ್ಕಾರಿ ಫ್ಲ್ಯಾಟುಗಳ ಬಚ್ಚಲಿನಲ್ಲಿ ಒಬ್ಬರು ನಿಂತರೆ ಇನ್ನೊಬ್ಬರಿಗೆ ಜಾಗವಿಲ್ಲ. ಒಳಗೆ ಹುಡುಗಿ, ಹೊಸ್ತಿಲಲ್ಲಿ ಟೀಚರು, ಅವರ ಭುಜದ ಮೇಲಿಂದ ನಾನು. ನನ್ನ ಹಿಂದೆ ಮಂಕಿಕ್ಯಾಪ್ ಹಾಕಿಕೊಂಡ ಅವಳ ತಂದೆ.

“ಏನು ನಡೀತಿದೆ ಇಲ್ಲಿ? ಇಬ್ಬರು ಮೇಡಂಗಳು ನಮ್ಮ ಬಚ್ಚಲು ಇನ್ಸ್‌ಪೆಕ್ಷನ್‌ಗೆ ಬಂದಿದೀರಲ್ಲ!” ಎಂದರು ಅವರು.

ಮೂಲೆಯಲ್ಲಿ ನೀರು ಹಿಡಿದಿಡುವ ನೀಲಿ ಪ್ಲಾಸ್ಟಿಕ್ ಡ್ರಮ್ಮು. ಹುಡುಗಿ ಅದರಲ್ಲಿ ಸ್ಟೀಲ್ ಬಟ್ಟಲನ್ನು ಬಿಟ್ಟಳು. ತೇಲಿತು. ಅದನ್ನೆತ್ತಿ, ನಲ್ಲಿಯ ಕೆಳಗೆ ತುಂಬುತ್ತಿದ್ದ ಬಕೆಟ್ಟಿಗೆ ಬಿಟ್ಟಳು. ಬಟ್ಟಲು ಒಂದು ಸುತ್ತು ತಿರುಗಿ, ವಾಲಿ, ತಳ ಸೇರಿತು.

“ದೇಖಾ!” ಎಂದಳು, ತಿಂಗಳುಗಟ್ಟಲೆ ತನ್ನನ್ನು ಯಾರೂ ನಂಬಿರಲಿಲ್ಲ ಎನ್ನುವ ಹಾಗೆ.

ಏನೂ ಹೇಳಿಕೊಡಬೇಡಿ ಎಂದು ಟೀಚರು ನನಗೆ ಸನ್ನೆ ಮಾಡಿದರು. ಆದರೆ ಸುದ್ದಿಮನೆಯಿಂದ ನಾನು ಕಲಿತದ್ದರಲ್ಲಿ ಕತ್ತರಿಸುವುದು ಬಿಟ್ಟು ಇನ್ನೊಂದು ಇತ್ತು. ಅಪಘಾತ ಕಂಡವರನ್ನು ಹೊಸ ವರದಿಗಾರರು ಹೇಗೆ ಕೇಳಬೇಕೆಂದು ನಾವು ಹೇಳಿಕೊಡುತ್ತೇವಲ್ಲ, ಅದು.

“ಮುಳುಗೋದಕ್ಕೆ ಮುಂಚೆ ಏನೇನಾಯ್ತು? ಒಂದಾದ ಮೇಲೊಂದು ಹೇಳು.”

“ನಾನು ಬಿಟ್ಟೆ. ಅದು ಗೋಲ್ ತಿರುಗ್ತು. ನಲ್ಲಿ ನೀರು ಬೀಳ್ತಿತ್ತು ನಾ, ಒಳಗೆ ಬಂತು, ಆಮೇಲೆ...”

ಅವಳು ನಿಲ್ಲಿಸಿದಳು. ನಲ್ಲಿಯನ್ನೊಮ್ಮೆ ನೋಡಿದಳು. ಯಾರೂ ಹೇಳದೆ ಅದನ್ನು ನಿಲ್ಲಿಸಿದಳು. ಬಟ್ಟಲನ್ನು ತೆಗೆದು ಚೆಲ್ಲಿ ಮತ್ತೆ ಬಿಟ್ಟಳು. ತೇಲಿತು. ಬಕೆಟ್ಟಿನ ನೀರನ್ನು ಅರ್ಧ ಸುರಿದಳು. ತೇಲಿತು. ನಾಲ್ಕು ಬೆರಳಿನಷ್ಟು ಉಳಿಸಿ ನೋಡಿದಳು. ಆಗಲೂ ತೇಲಿತು. ಅವಳ ಸಾಕ್ಸ್ ಪೂರ್ತಿ ನೆಂದಿತ್ತು.

“ಅರೇ, ನಲ್ಲಿ ಮುಳುಗಿಸ್ತಿತ್ತು ಅದನ್ನ! ಬಕೆಟ್ ಅಲ್ಲ!”

“ನೀರೆಲ್ಲ ಚೆಲ್ಲಿದ್ದು ಆಯ್ತು,” ಎಂದರು ತಂದೆ ಹಿಂದಿನಿಂದ. “ಮೇಡಂ, ಇದು ಪರೀಕ್ಷೆಗೆ ಬರುತ್ತಾ?”

“ನಿಮ್ಮ ಬಕೆಟ್ ಬರಲ್ಲ ಸಾರ್, ಮಗಳು ಬರ್ತಾಳೆ,” ಎಂದರು ಟೀಚರು.

ಹುಡುಗಿ ಬಚ್ಚಲ ಹೊಸ್ತಿಲ ಮೇಲೆ ಕುಳಿತು ಬರೆಯತೊಡಗಿದಳು. ಪೆನ್ಸಿಲ್ಲಿನಲ್ಲಿ, ಒದ್ದೆ ಕೈಯಲ್ಲಿ, ಹೊಡೆದು ಮತ್ತೆ ಬರೆದು. ಮುಗಿದ ಮೇಲೆ ಅದನ್ನು ಫೇರ್ ಮಾಡಲು ಹೊಸ ಹಾಳೆ ಕೇಳಿದಳು. ಟೀಚರು ಬೇಡವೆಂದರು.

“ಗಂದಾ ಕಾಣುತ್ತೆ ಮ್ಯಾಮ್.”

“ಕಾಣಲಿ.”

ಅಲ್ಲಿಂದ ಮುಂದೆ ಚೀಟಿಗಳಿಗೆ ಫೇರ್ ಇರಲಿಲ್ಲ. ನಾನು ಕೆಂಪು ಪೆನ್ನನ್ನು ಕಚೇರಿಯಲ್ಲೇ ಬಿಟ್ಟು ಬರುತ್ತಿದ್ದೆ. ಪೆನ್ಸಿಲ್ಲಿನಿಂದ ಅಂಚಿನಲ್ಲಿ ಪ್ರಶ್ನೆ ಮಾತ್ರ ಬರೆಯುತ್ತಿದ್ದೆ: ಹೇಗೆ ಗೊತ್ತು? ಎಲ್ಲಿ ನೋಡಿದೆ? ಯಾರು ಯಾರನ್ನು ತಳ್ಳಿದರು? ಆಮೇಲೇನಾಯಿತು? ಉತ್ತರವನ್ನು ಅವಳೇ ಕೆಳಗೆ ಬರೆಯಬೇಕು. ಕೈ ಕಟ್ಟಿಕೊಂಡು ಕೂರುವುದು ನನಗೆ ಸುಲಭವಾಗಿರಲಿಲ್ಲ. ಕರ್ತೃವಿಲ್ಲದ ವಾಕ್ಯ ಎದುರಿಗಿದ್ದರೆ ಬೆರಳು ತುರಿಸುತ್ತಿತ್ತು. ಟೀಚರು ಆ ಚೀಟಿಗಳನ್ನು ಓದಿ, ಮರುದಿನದ ಪಾಠವನ್ನು ಅಲ್ಲಿಂದಲೇ ಶುರುಮಾಡುತ್ತಿದ್ದರು. ಬಕೆಟ್ಟಿನ ಪ್ರಶ್ನೆಗೆ ಅವಳಂತೆಯೇ ಉತ್ತರಿಸಿದವರು ಇನ್ನೂ ಒಂಬತ್ತು ಮಂದಿ ಇದ್ದರೆಂದು ಆಗ ತಿಳಿಯಿತು. ಅವರಾರೂ ಅದನ್ನು ಚೀಟಿಯಲ್ಲಿ ಬರೆದಿರಲಿಲ್ಲ. ‘ಎಲ್ಲ ಅರ್ಥವಾಯಿತು’ ಎಂದಿದ್ದರು.

ಎಲ್ಲವೂ ಸರಾಗವಾಗಿ ನಡೆಯಿತೆಂದು ಹೇಳಲಾರೆ. ಪೋರ್ಷನ್ ಮುಗಿಯುತ್ತಿಲ್ಲವೆಂದು ಗಣಿತದ ಮೇಡಂ ಫೆಬ್ರುವರಿಯಲ್ಲಿ ಕೈಬಿಟ್ಟರು. ಅವರಿಗೆ ಎರಡು ತರಗತಿಯ ಎಂಬತ್ತು ಚೀಟಿ ಬರುತ್ತಿದ್ದವು, ಮನೆಯಲ್ಲಿ ಕೈಗೂಸು. ಕೆಲವು ಮಕ್ಕಳು ಪಕ್ಕದವರ ಚೀಟಿಯನ್ನೇ ನಕಲು ಮಾಡಿದರು. ನಿನಗೆ ಏನು ಅರ್ಥವಾಗಲಿಲ್ಲ ಎಂಬುದನ್ನು ಪಕ್ಕದವನನ್ನು ನೋಡಿ ಬರೆಯುವುದು ಹೇಗೆಂದು ಟೀಚರು ಕೇಳಿದರೆ, “ಅವನಿಗೂ ಅದೇ ಅರ್ಥವಾಗಲಿಲ್ಲ ಮ್ಯಾಮ್,” ಎಂದನಂತೆ ಒಬ್ಬ. ತಪಾಸಣೆಗೆ ಬಂದ ಮೇಲ್ವಿಚಾರಕಿ, ಈ ಚಿತ್ತುಕಾಟಿನ ಚೀಟಿಗಳಲ್ಲಿ ಕೆಂಪು ಶಾಯಿ ಎಲ್ಲೂ ಕಾಣುವುದಿಲ್ಲವಲ್ಲ, ತಿದ್ದಿದವರು ಯಾರು ಎಂದು ಕೇಳಿದರು. ವಾರ್ಷಿಕ ಪರೀಕ್ಷೆಯವರೆಗೆ ಬಿಡಿ, ಆಮೇಲೆ ನೋಡೋಣ ಎಂದು ಟೀಚರು ಅವರನ್ನು ಒಪ್ಪಿಸಿದರು.

ಇತಿಹಾಸದ ಸರ್ ಮಾತ್ರ, ಎಲ್ಲರಿಗಿಂತ ಹೆಚ್ಚು ನಕ್ಕವರು, ಬಿಡಲಿಲ್ಲ. ಒಂದು ದಿನ ಅವರು ಟೀಚರ ಮೇಜಿನ ಮೇಲೆ ಒಂದು ಚೀಟಿಯಿಟ್ಟು ಹೋದರಂತೆ. ಬ್ರಿಟಿಷರ ಕಾಲದ ಅರಣ್ಯ ಕಾನೂನಿನ ಬಗ್ಗೆ ನಮ್ಮ ಹುಡುಗಿ ಬರೆದದ್ದು. ಕಾಡಿನಲ್ಲಿ ಸೌದೆ ಕಡಿಯಬಾರದು ಎಂದು ಕಾನೂನು ಬಂತು ಅಂತ ಪುಸ್ತಕದಲ್ಲಿದೆ, ಆದರೆ ಅಲ್ಲಿನವರಿಗೆ ಅದು ಹೇಗೆ ಗೊತ್ತಾಯಿತು? ಬೋರ್ಡು ಹಾಕಿದ್ದರೆ ಯಾವ ಲಿಪಿಯಲ್ಲಿ ಹಾಕಿದ್ದರು? ಓದಲು ಬರದವರನ್ನು ಹಿಡಿದು ಶಿಕ್ಷೆ ಕೊಟ್ಟರೆ ಅವರು ಏನು ಮಾಡಬೇಕಿತ್ತು?

“ಯೇ ತೋ ಮೈನೇ ಭೀ ನಹೀಂ ಸೋಚಾ ಥಾ,” ಎಂದಿದ್ದರಂತೆ ಸರ್. ತಮಗೂ ಇದು ಹೊಳೆದಿರಲಿಲ್ಲ ಎಂದು.

ಟೀಚರು ಅದನ್ನು ನನಗೆ ತಂದು ತೋರಿಸಿದರು. ಪ್ರಶ್ನೆ ಎಲ್ಲಿಂದ ಬಂತೆಂದು ಇಬ್ಬರಿಗೂ ಗೊತ್ತಿತ್ತು. ತುಮಕೂರಿನ ಶಾಲೆಯ ಫಾರಂ ಹುಡುಗಿಯ ಮನೆಯ ಟಿವಿಯ ಮೇಲೆ, ದೇವರ ಪಟದ ಪಕ್ಕ, ಎಲ್ಲರಿಗೂ ಕಾಣುವ ಹಾಗೆ ಇತ್ತು. ಅದು ಕನ್ನಡದಲ್ಲಿತ್ತು.

ಮಾರ್ಚ್‌ನಲ್ಲಿ ಪರೀಕ್ಷೆ ನಡೆಯಿತು. ವಿಜ್ಞಾನದ ದಿನ ಮಧ್ಯಾಹ್ನ ಹುಡುಗಿ ನಮ್ಮ ಮೆಟ್ಟಿಲ ಬಳಿ ಸಿಕ್ಕಳು. ಹೇಗಾಯಿತೆಂದು ಕೇಳಿದೆ.

“ಪತಾ ನಹೀಂ ಆಂಟಿ. ಎರಡು ಕ್ವೆಶ್ಚನ್ ಬಿಟ್ಟೆ. ಬಾಕಿ ಬರೆದೆ. ಕಾಟ್-ಕೂಟ್ ತುಂಬಾ ಆಯ್ತು.”

ಫಲಿತಾಂಶದ ದಿನ ನಾನು ಮನೆಯಲ್ಲೇ ಇದ್ದೆ. ಟೀಚರಿಗೆ ಮೊದಲೇ ಗೊತ್ತಿತ್ತು, ಆದರೆ ಶಾಲೆಯ ನಿಯಮ ಮುರಿದು ಹೇಳುವವರಲ್ಲ ಅವರು. ಬೆಳಿಗ್ಗೆ ಗೇಟಿನ ಬಳಿ ನನ್ನನ್ನು ಕಂಡರೂ ಹವಾಮಾನದ ಮಾತಾಡಿ ಆಟೊ ಹತ್ತಿದರು. ಹನ್ನೊಂದೂವರೆಗೆ ಮೆಟ್ಟಿಲ ಮೇಲೆ ಎರಡು ಜೊತೆ ಚಪ್ಪಲಿಯ ಸದ್ದಾಯಿತು. ಮುಂದೆ ತಂದೆ, ಹಿಂದೆ ಹುಡುಗಿ. ತಂದೆ ಅರ್ಧ ದಿನ ರಜೆ ಹಾಕಿದ್ದರು.

“ಸೈನ್ಸ್‌ನಲ್ಲಿ ಮೂವತ್ತೇಳು ಮೇಡಂ,” ಎಂದರು. ಪಾಸಾಗಲು ಮೂವತ್ಮೂರು ಬೇಕಿತ್ತು. “ನಾನೇನು ಹೇಳ್ತೀನಿ ಅಂದ್ರೆ, ಇದು ಒಳ್ಳೆ ಮಾರ್ಕ್ಸ್ ಅಲ್ಲ.”

“ಪಪ್ಪಾ.”

“ಅಲ್ಲ ಅಂತ ಹೇಳ್ದೆ ಅಷ್ಟೆ. ಪಾಸ್ ಆಗಿದೀಯ, ಅಚ್ಛಾ ಹೈ. ಹತ್ತನೇ ಕ್ಲಾಸ್‌ಗೆ ಇಲ್ಲೇ ಹೋಗು.”

ಚೀಟಿ ಬರೆದದ್ದರಿಂದಲೇ ಅವಳು ಪಾಸಾದಳೆಂದು ನಾನು ಬರೆಯುವುದಿಲ್ಲ. ಆ ಐದು ವಾರ ಅವಳು ಬೆಳಿಗ್ಗೆಯೂ ಸಂಜೆಯೂ ಓದಿದ್ದಳು. ಟೀಚರು ದಿನಾ ಶಾಲೆ ಬಿಟ್ಟ ಮೇಲೆ ಅರ್ಧ ಗಂಟೆ ಕೂರಿಸಿಕೊಂಡಿದ್ದರು. ಯಾವುದು ಎಷ್ಟು ನೆರವಾಯಿತೆಂದು ಅಳೆಯುವ ದಾರಿ ಇಲ್ಲ. ಟೀಚರು ನನಗೆ ಆಮೇಲೆ ಹೇಳಿದ್ದು ಇಷ್ಟೇ: ಅವಳ ಉತ್ತರಪತ್ರಿಕೆಯಲ್ಲಿ ತಪ್ಪಾದ ಉತ್ತರಗಳೂ ಅವಳದೇ ಆಗಿದ್ದವು, ಎಲ್ಲಿ ದಾರಿ ತಪ್ಪಿದ್ದಾಳೆಂದು ಓದಿದರೆ ಕಾಣುತ್ತಿತ್ತು. ಹತ್ತನೇ ತರಗತಿಯಲ್ಲಿ ಅಲ್ಲಿಂದ ಹಿಡಿದುಕೊಳ್ಳಬಹುದು.

ತಂದೆ ಕುಳಿತು ಜೇಬಿನಿಂದ ಒಂದು ಲಕೋಟೆ ತೆಗೆದರು. ಒಳಗೆ ಆ ಫಾರಂ, ಖಾಲಿಯಾಗಿಯೇ.

“ಇದನ್ನ ವಾಪಸ್ ಕಳಿಸಬೇಕು. ತಮ್ಮ ಆ ಹೆಡ್‌ಮಾಸ್ಟರ್ ಹತ್ರ ಸೀಟು ಹೇಳಿಟ್ಟಿದಾನೆ, ಪಾಪ. ಫೋನಲ್ಲಿ ಹೇಳ್ದೆ. ಆದ್ರೂ ಒಂದು ಕಾಗದ ಇಡೋದು ಮರ್ಯಾದೆ. ಇವಳು ನಾನೇ ಬರೀತೀನಿ ಅಂದ್ಳು. ಬರೆದಿದಾಳೆ. ನೀವು ಸ್ವಲ್ಪ ತಿದ್ದಿಕೊಟ್ರೆ ಫೇರ್ ಮಾಡಿಸಿ ಹಾಕ್ತೀನಿ.”

ಅವರು ಮೂವತ್ತು ವರ್ಷ ಮಾಡಿದ ಕೆಲಸವೂ ಅದೇ. ಕೆಳಗಿನವರು ಕರಡು ಬರೆಯುವುದು, ಮೇಲಿನವರು ತಿದ್ದುವುದು, ಆಮೇಲೆ ಅದನ್ನು ಫೇರ್ ಮಾಡುವುದು. ಕರಡನ್ನೇ ಯಾರಿಗಾದರೂ ಕಳಿಸುವುದು ಅವರ ಕಚೇರಿಯಲ್ಲಿ ಮೆಮೊ ಕೊಡುವಂಥ ತಪ್ಪು.

ಮಡಿಸಿದ ಹಾಳೆಯನ್ನು ಬಿಡಿಸಿದೆ. ಮಾತು ಕನ್ನಡ, ಅಕ್ಷರ ಹಿಂದಿಯವು. ಚಿಕ್ಕಪ್ಪನಿಗೆ ಹಿಂದಿ ಓದಲು ಬರುತ್ತದೆ ಎಂದು ಅವಳಿಗೆ ಗೊತ್ತಿತ್ತು. ನಾಲ್ಕು ಕಡೆ ಕಾಟು, ಒಂದು ಕಡೆ ಬಾಣದ ಗುರುತು ಹಾಕಿ ಮೇಲಕ್ಕೆ ಸೇರಿಸಿದ ಸಾಲು.

‘ಚಿಕ್ಕಪ್ಪ, ನಾನು ಬರಲ್ಲ. ಪಾಸ್ ಆದೆ. ನೀವು ಸೀಟ್ ಇಟ್ಟಿದ್ದಕ್ಕೆ ಥ್ಯಾಂಕ್ಸ್. ನನಗೆ ಅಲ್ಲಿ ಬರೋಕೆ ಭಯ ಇತ್ತು ಯಾಕೆ ಅಂದ್ರೆ ಓದಕ್ಕೆ ಬರಲ್ಲ, ನಿಮ್ಮ ಮೇಲೆ ಭಯ ಅಲ್ಲ. ಬೇಸಿಗೆಯಲ್ಲಿ ಬರ್ತೀನಿ. ಆಗ ಬೋರ್ಡ್ ಓದೋದು ಹೇಳಿಕೊಡಿ. ಬೀದಿ ಹುಡುಗಿಯರಿಗೆ ಹೇಳ್ಬೇಡಿ.’

ಹುಡುಗಿ ನನ್ನ ಕೈಯನ್ನೇ ನೋಡುತ್ತಿದ್ದಳು, ಪೆನ್ನು ಎಲ್ಲಿ ಇಳಿಯುತ್ತದೆಂದು. ತಂದೆಯೂ ನೋಡುತ್ತಿದ್ದರು.

“ಆ ಭಯ ಗಿಯ ಅನ್ನೋದು ಬೇಡ ಅಲ್ವಾ ಮೇಡಂ?” ಎಂದರು. “ತಮ್ಮ ಏನಂದ್ಕೊಳ್ತಾನೋ.”

“ಅದೇ ಬೇಕು ಸಾರ್,” ಎಂದೆ. “ಹೀಗೇ ಹಾಕಿ.”

“ಈ ಕಾಟು?”

“ಇರಲಿ.”

ಅವರು ಒಪ್ಪಲು ಸ್ವಲ್ಪ ಸಮಯ ಬೇಕಾಯಿತು. ಹಾಳೆಯನ್ನು ಬೆಳಕಿಗೆ ಹಿಡಿದು ಒಮ್ಮೆ, ಕನ್ನಡಕ ತೆಗೆದು ಒಮ್ಮೆ ಓದಿದರು. ಎರಡನೆಯ ಸಲ ಓದುವಾಗ ಆ ಭಯದ ಸಾಲಿನ ಹತ್ತಿರ ಕಣ್ಣು ನಿಂತಿತು. ಮಗಳ ಕಡೆ ನೋಡಿದರು. ಹಾಳೆಯನ್ನು ಇದ್ದ ಮಡಿಕೆಯಲ್ಲೇ ಮಡಿಸಿ, ಫಾರಂ ಜೊತೆ ಸೇರಿಸಿ ಲಕೋಟೆಗೆ ಹಾಕಿದರು. ಅಂಟು ಬಾಟಲಿ ತಂದುಕೊಟ್ಟೆ.

ಲಕೋಟೆಯ ಮೇಲಿನ ವಿಳಾಸವನ್ನೂ ಅವಳೇ ಬರೆದಿದ್ದಳು, ಇಂಗ್ಲಿಷಿನಲ್ಲಿ, ಸ್ಕೇಲಿಟ್ಟು ಗೆರೆ ಎಳೆದು. ಅದರಲ್ಲಿ ಪಿನ್‌ಕೋಡ್ ಬಿಟ್ಟುಹೋಗಿತ್ತು. ತಂದೆ ನೆನಪಿನಿಂದ ಒಂದೊಂದೇ ಅಂಕಿ ಹೇಳಿದರು. ಅದನ್ನು ಮಾತ್ರ ನಾನು ಬರೆದೆ.